ಸೊಟ್ಟಕ್ಕನ ನೆಲ

ಮನೆಯಲ್ಲಿ ಅವಳನ್ನು ಎಲ್ಲರೂ ಸೊಟ್ಟಕ್ಕ ಅಂತಲೇ ಕರೆಯುತ್ತಿದ್ದರು. ಮುಖ ಸೊಟ್ಟಗಿತ್ತೇ? ಇಲ್ಲಪ್ಪ, ನೋಡಲು ಲಕ್ಷಣವಾಗಿಯೇ ಇದ್ದಳು. ಆದರೆ ಕೈಗೆ ಕತ್ತರಿ ಸಿಕ್ಕರೆ ಮುಗಿಯಿತು, ಕಂಡ ಕಾಗದವನ್ನೆಲ್ಲ ಸೊಟ್ಟಸೊಟ್ಟಗೆ ಕತ್ತರಿಸಿ, ಆ ಚೂರುಗಳನ್ನು ನೆಲದ ಮೇಲೆ ಸಂದಿಲ್ಲದಂತೆ ಕೂಡಿಸುತ್ತಾ ಹೊತ್ತುಗೊತ್ತಿಲ್ಲದೆ ಕೂತಿರುತ್ತಿದ್ದಳು. ತಮ್ಮಂದಿರು ಇಟ್ಟ ಹೆಸರು ಅದು. ಮುಂದೆ ಅವಳು ಗಣಿತದ ಪ್ರೊಫೆಸರ್ ಆದಮೇಲೂ ಅವರು ಬಿಡಲಿಲ್ಲ.

ಅಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನಡುವೆ ಉದ್ದನೆಯ ಮೇಜು, ಮೇಜಿನ ಕೆಳಗೆ ಚಿಂದಿಯ ಗುಡ್ಡೆ, ಆ ಗುಡ್ಡೆಯ ಮೇಲೆ ಸೊಟ್ಟಕ್ಕ. ಗಿರಾಕಿಗಳು ತರುವ ಬಟ್ಟೆ ಯಾವತ್ತೂ ಒಂದು ಗೇಣು ಕಡಿಮೆಯೇ. ಒಮ್ಮೆ ಕೋಟಿನ ಬಟ್ಟೆಯೊಂದು ಏನು ಮಾಡಿದರೂ ಸಾಲದೆ ಅಪ್ಪ ತಲೆ ಕೆರೆದುಕೊಳ್ಳುತ್ತಿದ್ದಾಗ, ಇವಳು ಮೇಜಿನಡಿಯಿಂದ ಎದ್ದು ತೋಳಿನ ನಮೂನೆಯನ್ನು ಮಗುಚಿ ಕಾಲರಿನ ಪಕ್ಕಕ್ಕೆ ಇಟ್ಟಳು. ಅಳತೆಗೆ ಸರಿಯಾಗಿ ಕೂತಿತು.

"ಇವಳ ತಲೆ ಎಷ್ಟು ಓಡುತ್ತೆ ನೋಡೇ!" ಅಂದ ಅಪ್ಪ.

"ತಲೆ ಓಡಲಿ, ಮೊದಲು ಆ ಚಿಂದಿ ಗುಡಿಸಲಿ," ಅಂದಳು ಅಮ್ಮ.

ಅಪ್ಪ ಅದೇ ಖುಷಿಯಲ್ಲಿ ಕತ್ತರಿ ಆಡಿಸಿಯೇ ಬಿಟ್ಟ. ಹೊಲಿಯಲು ಕೂತಾಗ ನೋಡಿದರೆ, ಎರಡೂ ಎಡಗೈ ತೋಳು! ಮಗುಚಿಟ್ಟ ನಮೂನೆ ಬಟ್ಟೆಯ ಸೀದಾ-ಉಲ್ಟಾ ಅದಲುಬದಲು ಮಾಡಿತ್ತು. ಸೊಟ್ಟಕ್ಕ ಅಳುವುದಕ್ಕೆ ಶುರುಮಾಡಿದಳು. "ಅಳ್ಬೇಡ್ವೇ. ಬಟ್ಟೆಗೆ ಎರಡು ಮುಖ ಇರುತ್ತೆ ಅನ್ನೋದನ್ನ ಇಬ್ಬರೂ ಮರೆತ್ವಿ, ಅಷ್ಟೇ," ಎಂದ ಅಪ್ಪ, ಒಂದು ತೋಳಿನ ಉಲ್ಟಾ ಮುಖವನ್ನೇ ಹೊರಗೆ ಮಾಡಿ ಹೊಲಿದ. ಅದಕ್ಕೆ ಜೋಡಿಯಾಗಲೆಂದು ಜೇಬಿನ ಅಂಚಿಗೂ ಕಾಲರಿಗೂ ಉಲ್ಟಾ ಪಟ್ಟಿ ಕೊಟ್ಟ. ಗಿರಾಕಿ ಬಂದಾಗ ಕಣ್ಣು ಮಿಟುಕಿಸದೆ, "ಇದು ಹೊಸ ಫ್ಯಾಷನ್ನು ಸ್ವಾಮಿ," ಅಂದ. ಗಿರಾಕಿ ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿ, ಮೀಸೆ ತಿರುವಿಕೊಂಡು ಹೋದ.

ಇಂಥ ಅಪ್ಪನ ಮಗಳು ಓದಿದಳು, ಓದಿದಳು, ಅಮ್ಮ ಸಾಕು ಸಾಕು ಅನ್ನುವಷ್ಟು ಓದಿದಳು. ವಿಶ್ವವಿದ್ಯಾಲಯದ ಗಣಿತ ವಿಭಾಗಕ್ಕೆ ಪಾಠ ಹೇಳಲು ಹೋದ ಮೊದಲ ಹೆಂಗಸು ಅವಳೇ. ಕಟ್ಟಡವೇನೋ ಭವ್ಯವಾಗಿತ್ತು. ಎತ್ತರದ ಕಿಟಕಿ, ಗೋಡೆಯುದ್ದಕ್ಕೂ ಕಪ್ಪು ಹಲಗೆ, ಟೋಪಿ ನೇತುಹಾಕಲು ಹಿತ್ತಾಳೆಯ ಕೊಕ್ಕೆಗಳು. ಹೆಂಗಸರಿಗೆ ಶೌಚಾಲಯ ಮಾತ್ರ ಇರಲಿಲ್ಲ. ಅಲ್ಲಿಯ ಪಂಡಿತರು ಅನಂತದವರೆಗೂ ಎಣಿಸಿ ಮುಗಿಸಿದ್ದರು, ಹೆಂಗಸರ ತನಕ ಎಣಿಕೆ ಬಂದಿರಲಿಲ್ಲ.

ಮೈದಾನ ದಾಟಿ ಸಸ್ಯಶಾಸ್ತ್ರದ ಕಟ್ಟಡಕ್ಕೆ ಹೋಗಬೇಕು. ಬಿಸಿಲಿರಲಿ, ಮಳೆ ಇರಲಿ, ಎರಡು ಪಾಠಗಳ ನಡುವೆ ಓಡಬೇಕು. ಸಸ್ಯಶಾಸ್ತ್ರದ ಜವಾನ ಪ್ರತಿಸಲವೂ, "ಏನ್ ಮೇಡಂ, ನಮ್ಮ ಗಿಡ ನೋಡೋಕೆ ಬಂದ್ರಾ?" ಅಂತ ಹಲ್ಲು ಕಿರಿಯುತ್ತಿದ್ದ. ಸೊಟ್ಟಕ್ಕ ಬೆಳಗಿನಿಂದ ಸಂಜೆವರೆಗೆ ನೀರು ಕುಡಿಯುವುದನ್ನೇ ಬಿಟ್ಟಳು. ತಲೆನೋವು ಬಂತು, ಉರಿ ಬಂತು, ಡಾಕ್ಟರು ಬೈದರು. ತನ್ನ ಪಾಡು ಹೇಗೋ ನಡೆಯುತ್ತೆ ಎಂದುಕೊಂಡಳು. ಆದರೆ ತನ್ನ ಹತ್ತಿರ ಸಂಶೋಧನೆಗೆ ಬಂದ ಮೊದಲ ಹುಡುಗಿ ವರ್ಷ ತುಂಬುವ ಮೊದಲೇ ಬಿಟ್ಟು ಹೋದಾಗ, ಕಾರಣವನ್ನು ಇವಳ ಕಿವಿಯಲ್ಲಿ ಮಾತ್ರ ಹೇಳಿ ಹೋದಾಗ, ಇದು ತನ್ನೊಬ್ಬಳ ಪಾಡಲ್ಲ ಎಂದು ಸೊಟ್ಟಕ್ಕನಿಗೆ ಅರಿವಾಯಿತು.

ಎರಡನೆಯವಳು ಬಂದಳು. ಸೈಕಲ್ಲಿನಲ್ಲಿ ಬರುತ್ತಿದ್ದಳೆಂದು ಎಲ್ಲರೂ ಅವಳನ್ನು ಸೈಕಲ್ ಹುಡುಗಿ ಅನ್ನುತ್ತಿದ್ದರು. ಚುರುಕು ಅಂದರೆ ಚುರುಕು. ಒಂದು ತಿಂಗಳಾದಮೇಲೆ ಅವಳು, "ಮೇಡಂ, ನಾನು ಸಸ್ಯಶಾಸ್ತ್ರಕ್ಕೇ ಸೇರ್ಕೊಂಡ್ಬಿಡ್ಲಾ? ಅಲ್ಲಿ ಟಾಯ್ಲೆಟ್ಟಾದ್ರೂ ಇದೆ," ಅಂದಳು. ನಗುತ್ತಲೇ ಅಂದಳು, ಆದರೆ ಅದು ಬರೀ ತಮಾಷೆಯಲ್ಲ ಎಂದು ಸೊಟ್ಟಕ್ಕನಿಗೆ ಗೊತ್ತಾಯಿತು. ಇವಳನ್ನೂ ಕಳೆದುಕೊಳ್ಳುವುದುಂಟೇ? ಸೀದಾ ಮುಖ್ಯಸ್ಥರ ಕೋಣೆಗೆ ನಡೆದಳು.

ಮುಖ್ಯಸ್ಥರು ಕೆಟ್ಟವರಲ್ಲ. ಹಾಗಂತ ಒಳ್ಳೆಯವರಾಗುವ ತೊಂದರೆಯನ್ನೂ ತೆಗೆದುಕೊಂಡವರಲ್ಲ. ಅವರ ಮೇಜಿನ ಮೇಲೆ ಸೊಟ್ಟಕ್ಕ ಬರೆದ ಪ್ರಬಂಧ ಧೂಳು ತಿನ್ನುತ್ತಿತ್ತು. ಒಂದು ಬಗೆಯ ಐದು ಮೂಲೆಯ ಸೊಟ್ಟ ಬಿಲ್ಲೆಯಿಂದ ಎಷ್ಟು ದೊಡ್ಡ ನೆಲವನ್ನಾದರೂ ಸಂದಿಲ್ಲದೆ ಮುಚ್ಚಬಹುದು ಎಂದು ಅದರಲ್ಲಿ ಸಾಧಿಸಿದ್ದಳು. ಅಂಥ ಆಕಾರಗಳೆಲ್ಲ ಯಾವತ್ತೋ ಸಿಕ್ಕಾಗಿವೆ, ಹೊಸದು ಉಳಿದಿಲ್ಲ ಎಂಬುದು ಮುಖ್ಯಸ್ಥರ ನಂಬಿಕೆ.

"ಒಬ್ಬರಿಗೋಸ್ಕರ ಟಾಯ್ಲೆಟ್ಟು ಕಟ್ಸೋಕಾಗುತ್ತೇನ್ರೀ?"

"ಇಬ್ಬರು ಸರ್. ಕಟ್ಸಿದ್ರೆ ಇನ್ನೂ ಬರ್ತಾರೆ. ಕೊನೇಲಿ ಮುರಿದ ಬೆಂಚು ತುಂಬಿರೋ ಕೋಣೆ ಇದೆ, ನಲ್ಲಿಯೂ ಇದೆ."

ಮುಖ್ಯಸ್ಥರಿಗೆ ತಮಾಷೆ ಹೊಳೆಯಿತು. "ಸರಿ, ಒಂದು ಪಂಥ. ಆ ನೆಲಕ್ಕೆ ನಿಮ್ಮ ಐದು ಮೂಲೆ ಬಿಲ್ಲೇನೇ ಹಾಕ್ಸಿ. ಕಾಲೇಜು ಶುರುವಾಗೋ ದಿನ ಬಂದು ನೋಡ್ತೀನಿ. ಒಂದು ಸಂದೂ ಇಲ್ದಿದ್ರೆ ಕೋಣೆ ನಿಮ್ದು. ಸಂದಿದ್ರೆ ಬೆಂಚುಗಳದ್ದು."

"ಆಯ್ತು ಸರ್," ಅಂದುಬಿಟ್ಟಳು.

ಊರಾಚೆಯ ಹೆಂಚಿನ ಕಾರ್ಖಾನೆಯವನಿಗೆ ಮರದ ಅಚ್ಚು ಮಾಡಿಸಿ ಕೊಟ್ಟಳು. ಕೆಂಪು ಮಣ್ಣಿನ ಬಿಲ್ಲೆಗಳು, ಮೇಲ್ಮುಖಕ್ಕೆ ಬಿಳಿ ಹೊಳಪು, ಗಾಡಿಯಲ್ಲಿ ಬಂದಿಳಿದವು. ಮೇಸ್ತ್ರಿ ಒಂದನ್ನು ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಅಲ್ಲ ಮೇಡಂ, ಚೌಕ ಬಿಲ್ಲೆಗೇನ್ ಬಂದಿತ್ತು ದಾಡಿ?"

"ನೀನು ಹಾಕು ಮಾರಾಯ, ಆಮೇಲೆ ಮಾತಾಡು."

ಹಾಕಿದ. ಮೊದಲ ಬಿಲ್ಲೆಗೆ ಎರಡನೆಯದು ಕೂತಿತು. ಮೂರನೆಯದಕ್ಕೆ ಬಂದಾಗ ಚೂಪು ಮೂಲೆ ಬೇಕಾದಲ್ಲಿ ಅಗಲ ಮೂಲೆ ಬಂತು. ಮೇಸ್ತ್ರಿ ತಿರುಗಿಸಿದ, ಜರುಗಿಸಿದ, ಉಗುಳು ನುಂಗಿದ. ಸೊಟ್ಟಕ್ಕ ತಾನೇ ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿದಳು. ಹೇಗಿಟ್ಟರೂ ಬೆರಳು ತೂರುವಷ್ಟು ಸಂದು! ಪ್ರಬಂಧ ತಪ್ಪೇ? ವರ್ಷಗಟ್ಟಲೆ ಕತ್ತರಿಸಿ ಕೂಡಿಸಿದ್ದೆಲ್ಲ ಸುಳ್ಳೇ? ಅದೇ ಹೊತ್ತಿಗೆ ಸರಿಯಾಗಿ ಮುಖ್ಯಸ್ಥರು ಬಾಗಿಲಲ್ಲಿ ಇಣುಕಬೇಕೇ!

"ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರೆ. ಇಲ್ಲಿ ನೆಲ ನಿಜವಾಗ್ಲೂ ಡೊಂಕಾಗಿದೆಯಲ್ರೀ!" ಎಂದು ನಕ್ಕು ಹೋದರು. ಬೆಂಚುಗಳನ್ನು ದೂರ ಸಾಗಿಸಬೇಡಿ ಎಂದು ಜವಾನನಿಗೆ ಕೂಗಿ ಹೇಳಿದ್ದೂ ಕೇಳಿಸಿತು.

ಸೊಟ್ಟಕ್ಕ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಕಣ್ಣಲ್ಲಿ ನೀರು ಬಂತು. ಸೈಕಲ್ ಹುಡುಗಿ ಕೂಡದ ಬಿಲ್ಲೆಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸಿಡುತ್ತಿದ್ದಳು. ಸೊಟ್ಟಕ್ಕ ಕಣ್ಣೊರೆಸಿಕೊಂಡು, ಕೈಚೀಲದಿಂದ ತನ್ನ ಕಾಗದದ ಚೂರುಗಳನ್ನು ತೆಗೆದು ಬಿಲ್ಲೆಗಳ ಪಕ್ಕದಲ್ಲೇ ಜೋಡಿಸತೊಡಗಿದಳು. ಒಂದು, ಎರಡು. ಮೂರನೆಯದನ್ನು ಕೈ ತಾನಾಗಿಯೇ ಮಗುಚಿ ಇಟ್ಟಿತು. ಮಗುಚಿ! ಸೊಟ್ಟಕ್ಕ ಹಣೆ ಚಚ್ಚಿಕೊಂಡಳು. ಕಾಗದಕ್ಕೆ ಎರಡು ಮುಖವೂ ಒಂದೇ, ಗಣಿತದವರಿಗೂ ಒಂದೇ. ಪ್ರಬಂಧದಲ್ಲಿ ಅದನ್ನು ಎಷ್ಟು ಸಲೀಸಾಗಿ ಬರೆದುಬಿಟ್ಟಿದ್ದಳೆಂದರೆ, ಬಿಲ್ಲೆಗೆ ಒಂದು ಕಡೆ ಮಾತ್ರ ಹೊಳಪಿರುತ್ತದೆ ಎಂಬುದು ತಲೆಗೇ ಹೋಗಿರಲಿಲ್ಲ.

"ಎರಡೂ ಎಡಗೈ ತೋಳು!" ಎಂದು ಕೂಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಸ್ತ್ರಿ ಸೈಕಲ್ ಹುಡುಗಿಯ ಮುಖ ನೋಡಿದ. ಬಿಸಿಲಿಗೆ ಹೀಗಾಗಿರಬೇಕು ಅನ್ನುವ ಹಾಗಿತ್ತು ಅವನ ನೋಟ.

"ಅರ್ಧ ಬಿಲ್ಲೆಗಳನ್ನ ಬೋರಲು ಹಾಕು ಮೇಸ್ತ್ರಿ."

"ಬೆನ್ನು ಮೇಲೆ ಬರುತ್ತೆ ಮೇಡಂ, ಕೆಂಪಗೆ, ಒರಟಾಗಿ. ನುಣುಪು ಮುಖಕ್ಕೆ ಸಿಮೆಂಟೂ ಹಿಡಿಯಲ್ಲ."

"ಉಳಿಯಲ್ಲಿ ಕೆತ್ತಿ ಒರಟು ಮಾಡು, ಹಿಡಿಯುತ್ತೆ. ಒರಟು ನೆಲದಲ್ಲಿ ಯಾರೂ ಜಾರಿ ಬೀಳೋದೂ ಇಲ್ಲ."

"ಜನ ಏನಂತಾರೆ?"

"ಹೊಸ ಫ್ಯಾಷನ್ನು ಅಂತ ಹೇಳು."

ಮೂರನೆಯ ಬಿಲ್ಲೆ ಬೋರಲು ಬಿದ್ದು ಟಕ್ಕನೆ ಕೂತಿತು. ಆಮೇಲೆ ಕೈ ನಿಲ್ಲಲಿಲ್ಲ. ಮೇಸ್ತ್ರಿ ಹಾಕುವುದು, ಸೊಟ್ಟಕ್ಕ ಎತ್ತಿಕೊಡುವುದು, ಸೈಕಲ್ ಹುಡುಗಿ ಉಳಿ ಹಿಡಿದು ಹೊಳಪು ಕೆತ್ತುವುದು. ಗೋಡೆಯಂಚಿನವನ್ನು ಮೇಸ್ತ್ರಿ ಅಳತೆಗೆ ಕತ್ತರಿಸಿದ, ಮೂಲೆಯಲ್ಲಿ ಕಮೋಡನ್ನೂ ಕೂರಿಸಿದ. ಬಿಳಿ, ಕೆಂಪು, ಬಿಳಿ, ಕೆಂಪು ಎಂದು ನೆಲ ಹರಡಿಕೊಂಡಾಗ ಮೇಸ್ತ್ರಿಯೇ ಎದ್ದು ನಿಂತು, "ಅಬ್ಬಬ್ಬಾ, ಚೆನ್ನಾಗಿದೆಯಲ್ಲ!" ಅಂದ.

ಕಾಲೇಜು ಶುರುವಾದ ಬೆಳಗ್ಗೆ ಮುಖ್ಯಸ್ಥರು ಅಧ್ಯಾಪಕರ ದಂಡು ಕಟ್ಟಿಕೊಂಡು ಬಂದರು. ಬಾಗಿಲು ತಳ್ಳಿದರೆ ತೆಗೆಯಲಿಲ್ಲ. ಬಡಿದರು.

"ಒಳಗಿದ್ದೀನಿ ಸರ್!" ಎಂದಿತು ಸೈಕಲ್ ಹುಡುಗಿಯ ದನಿ.

ಏನು ಮಾಡುತ್ತಾರೆ ಪಾಪ! ಗಣಿತ ವಿಭಾಗವೆಲ್ಲ ಸಾಲಾಗಿ ನಿಂತು ಕಾಯಿತು. ಒಬ್ಬರು ಕೆಮ್ಮಿದರು, ಒಬ್ಬರು ಛಾವಣಿ ನೋಡಿದರು, ಮುಖ್ಯಸ್ಥರು ಗಡಿಯಾರ ನೋಡಿದರು. ಸೊಟ್ಟಕ್ಕ, "ಸಸ್ಯಶಾಸ್ತ್ರದಲ್ಲಿ ಇಷ್ಟು ಹೊತ್ತು ಕಾಯಿಸಲ್ಲ ಸರ್," ಅಂದಳು. ಕೊನೆಗೂ ಬಾಗಿಲು ತೆರೆದು, ಕೈ ಒರೆಸಿಕೊಳ್ಳುತ್ತಾ ಹುಡುಗಿ ಹೊರಗೆ ಬಂದಳು.

ಮುಖ್ಯಸ್ಥರು ಒಳಗೆ ಹೋದರು. ನಿಂತು ನೋಡಿದರು, ಬಗ್ಗಿ ನೋಡಿದರು, ಇಸ್ತ್ರಿ ಮಾಡಿದ ಪ್ಯಾಂಟನ್ನೂ ಮರೆತು ಮಂಡಿಯೂರಿ ಪೆನ್ಸಿಲ್ ತುದಿಯಿಂದ ಸಂದು ಹುಡುಕಿದರು. ಸಿಗಲಿಲ್ಲ. ಕೆಂಪು ಬಿಲ್ಲೆಗಳ ಮೇಲೆ ಅವರ ಬೆರಳು ನಿಧಾನವಾಗಿ ಓಡಿತು. "ಈ ಗುಂಪೇ ಹಾಗೇ ಮತ್ತೆ ಬರುತ್ತೆ, ಅಲ್ವಾ? ಕೆಂಪು ಬಿಳಿ ಇರೋದ್ರಿಂದ ಕಣ್ಣಿಗೇ ಕಾಣ್ತಿದೆ. ಹಾಗಾದ್ರೆ ಎಲ್ಲಿವರೆಗೆ ಬೇಕಾದ್ರೂ ಹೋಗುತ್ತೆ."

"ಹೌದು ಸರ್. ಅದೇ ಎರಡನೇ ಪುಟದಲ್ಲಿದೆ."

ಅವರು ಎದ್ದು ಮಂಡಿ ಕೊಡವಿಕೊಂಡರು. ಕಿವಿ ಕೆಂಪಾಗಿತ್ತು. "ನಾನು ಮೊದಲನೇ ಪುಟ ದಾಟಿರ್ಲಿಲ್ಲ ಕಣ್ರೀ. ಇವತ್ತು ಓದ್ತೀನಿ." ಓದಿದರು, ತಾವೇ ಮುಂದೆ ನಿಂತು ಅಚ್ಚುಹಾಕಿಸಿದರು ಕೂಡ.

ಆ ಆಕಾರಕ್ಕೆ ಪುಸ್ತಕಗಳಲ್ಲಿ ಅವಳ ಹೆಸರೇ ನಿಂತಿತು. ಮನೆಯಲ್ಲಿ ಮಾತ್ರ ಅದು ಸೊಟ್ಟಕ್ಕನ ಬಿಲ್ಲೆ. ದೂರದೇಶಗಳಿಂದ ದೊಡ್ಡ ದೊಡ್ಡ ಗಣಿತಜ್ಞರು ಆ ನೆಲ ನೋಡಲು ಬಂದು, ಹೆಂಗಸರ ಬಾಗಿಲ ಮುಂದೆ ಕೈಕಟ್ಟಿ ನಿಂತು, ಒಳಗೆ ಯಾರಾದರೂ ಇದ್ದಾರಾ ಎಂದು ವಿನಯದಿಂದ ಕೇಳುವುದನ್ನು ಕಲಿತರು.

ಸೊಟ್ಟಕ್ಕ ನಿವೃತ್ತಳಾಗಿ, ಕೂದಲೆಲ್ಲ ಹಣ್ಣಾಗಿ, ಕೋಲು ಹಿಡಿಯುವ ಕಾಲಕ್ಕೆ ಸೈಕಲ್ ಹುಡುಗಿಯೇ ವಿಭಾಗದ ಮುಖ್ಯಸ್ಥೆ. ಒಂದು ದಿನ ಗುರುವನ್ನು ಕರೆಸಿ ಟೀ ಕೊಟ್ಟು, "ಮೇಡಂ, ಆ ನೆಲವನ್ನ ಕಿತ್ತು ಮುಂಬಾಗಿಲಲ್ಲಿ ಗಾಜಿನಡಿ ಇಡೋಣ ಅಂತಿದ್ದಾರೆ ವಿಶ್ವವಿದ್ಯಾಲಯದವರು. ಎಲ್ಲರೂ ನೋಡಬಹುದು. ನೀವು ಹೂಂ ಅಂದ್ರೆ ಮಾತ್ರ," ಅಂದಳು.

"ತಾಳು, ಮೊದಲು ನಾನು ಹೋಗಿ ಬರ್ತೀನಿ. ಎರಡು ಲೋಟ ಟೀ ಕುಡಿಸಿದ್ದೀಯ."

ಕಾರಿಡಾರಿನ ತುದಿಗೆ ತಿರುಗಿದವಳು ಅಲ್ಲೇ ನಿಂತುಬಿಟ್ಟಳು. ಬಾಗಿಲ ಮುಂದೆ ಹುಡುಗಿಯರ ಸಾಲು! ಕಿಟಕಿಯವರೆಗೂ ಬೆಳೆದಿತ್ತು. ಒಬ್ಬಳು ಬಾಚಣಿಗೆ ಹುಡುಕುತ್ತಿದ್ದಳು, ಇಬ್ಬರು ಯಾವುದೋ ಲೆಕ್ಕಕ್ಕೆ ಜಗಳವಾಡುತ್ತಿದ್ದರು, ಇನ್ನೊಬ್ಬಳು ಕಾಲು ಬದಲಿಸುತ್ತಾ, "ಬೇಗ ಬಾರೇ!" ಎಂದು ಕೂಗುತ್ತಿದ್ದಳು. ಸೊಟ್ಟಕ್ಕ ಹೋಗಿ ಎಲ್ಲರಿಗಿಂತ ಹಿಂದೆ ನಿಂತಳು.

"ಅಜ್ಜಿ, ನೀವು ಮುಂದೆ ಹೋಗಿ," ಅಂದಳು ಎದುರಿಗಿದ್ದವಳು. ಇವಳು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಬೇಡ ಕಣಮ್ಮ, ನಿಲ್ತೀನಿ. ಈ ಸಾಲಲ್ಲಿ ನಿಲ್ಲೋ ಆಸೆ ನಂಗೆ ಬಹಳ ದಿನದ್ದು." ಮುಖದ ತುಂಬ ನಗು.

ಹಿಂದೆಯೇ ಬಂದ ಸೈಕಲ್ ಹುಡುಗಿ ಪಕ್ಕದಲ್ಲಿ ನಿಂತಳು. "ಗಾಜಿನ ವಿಷಯ ಏನು ಹೇಳ್ಲಿ ಮೇಡಂ?"

"ಗಾಜು ಹಾಕಿದ್ರೆ ಇವರೆಲ್ಲ ಎಲ್ಲಿಗೆ ಹೋಗ್ಬೇಕು? ಸಸ್ಯಶಾಸ್ತ್ರಕ್ಕಾ? ಕೀಳೋದು ಬೇಡ, ಇನ್ನೊಂದು ಕಟ್ಸು. ಅಚ್ಚು ಮನೇಲಿದೆ, ಕಳಿಸ್ತೀನಿ."

"ಈ ಸಲ ಎಡಕ್ಕೊಂದು, ಬಲಕ್ಕೊಂದು, ಎರಡು ಅಚ್ಚು ಮಾಡಿಸ್ಲಾ?"

"ಒಂದೇ ಸಾಕು. ಉಲ್ಟಾ ಹಾಕೋದೇ ಚೆಂದ."

ಬಾಗಿಲು ತೆರೆಯಿತು. ಒಬ್ಬಳು ಹೊರಗೆ ಬಂದಳು, ಒಬ್ಬಳು ಒಳಗೆ ಹೋದಳು. ಸಾಲು ಮುಂದಕ್ಕೆ ಸರಿಯಿತು, ಸೊಟ್ಟಕ್ಕನೂ ಕೋಲೂರಿಕೊಂಡು ಒಂದು ಹೆಜ್ಜೆ ಮುಂದೆ ಇಟ್ಟಳು.