ಭಟ್ಟಿಯಲ್ಲಿ ಎಲ್ಲರೂ ಸುಮ್ಮನಾದ ದಿನ

ಮಂಡಕ್ಕಿ ಹುರಿಯುವವನಿಗೆ ಕಣ್ಣು ಬೇಕೇ ಬೇಕು ಎಂದು ನಾನೇ ನೂರು ಸಲ ಹೇಳಿದ್ದೇನೆ. ಕಣ್ಣಿದ್ದಾಗ ಹೇಳಿದ್ದು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇದನ್ನೂ ನಾನು ಕೈಯಿಂದ ಬರೆಯುತ್ತಿಲ್ಲ, ಮೊಬೈಲಿಗೆ ಮಾತಾಡಿ ಬರೆಸುತ್ತಿದ್ದೇನೆ. ಆದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಬಾಣಲೆಯ ಮುಂದೆ ನಿಂತವನು. ಉಪ್ಪುನೀರು ಕುಡಿಸಿ ಹದ ಮಾಡಿದ ಅಕ್ಕಿಯನ್ನು ಕಾದ ಮರಳಿಗೆ ಹಾಕಬೇಕು, ಉದ್ದ ಹಿಡಿಯ ಸೌಟಿನಿಂದ ಆಡಿಸಬೇಕು, ಅರಳಿದ ಕೂಡಲೇ ಎತ್ತಿ ಜರಡಿಗೆ ಸುರಿಯಬೇಕು. ಕೆಲಸ ಇಷ್ಟೇ. ಒಂದು ಉಸಿರು ತಡವಾದರೆ ಕೆಂಪಾಗುತ್ತದೆ, ಒಂದು ಉಸಿರು ಮೊದಲಾದರೆ ಕಲ್ಲಿನ ಹಾಗೆ ಉಳಿಯುತ್ತದೆ. ಮಂಡಿಪೇಟೆಯ ಅಂಗಡಿಯವರು ನನ್ನ ಕೈಯ ಮಂಡಕ್ಕಿಯನ್ನು ಬೇರೆ ಚೀಲಕ್ಕೆ ಕಟ್ಟಿಸಿಕೊಳ್ಳುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಹೇಳುತ್ತಿದ್ದಾನೆ ಎಂದು ನೀವು ಅಂದುಕೊಂಡರೂ ತಪ್ಪೇನಿಲ್ಲ.

ಕಣ್ಣು ಒಮ್ಮೆಗೇ ಹೋಗಲಿಲ್ಲ. ಮೊದಲು ಸಂಜೆ ಹೋಯಿತು, ಆಮೇಲೆ ಎಡಬಲ ಹೋಯಿತು. ಕೊನೆಗೆ ಕೊಳವೆಯಲ್ಲಿ ನೋಡಿದ ಹಾಗೆ ನಡುವೆ ಒಂದಿಷ್ಟು ಬೆಳಕು ಉಳಿಯಿತು. ಕಣ್ಣಿನ ಹಿಂದಿನ ನರ ಒಣಗಿದೆ, ಹೊಗೆಯಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಬಂದದ್ದು, ಆಪರೇಷನ್ ಇಲ್ಲ ಎಂದರು ಡಾಕ್ಟರು. ಒಂದು ವರ್ಷ ನಾನು ಇದನ್ನು ಯಾರಿಗೂ ಹೇಳದೆ ಮುಚ್ಚಿಟ್ಟೆ. ಆ ಒಂದಿಷ್ಟು ಬೆಳಕೂ ಆರಿದ ಮೇಲೆ ಒಂದು ದಿನ ಪಕ್ಕದ ಬಾಣಲೆಯವನ ಊಟದ ಡಬ್ಬಿಯನ್ನು ತುಳಿದೆ. ಅಂದು ಎಲ್ಲರಿಗೂ ಗೊತ್ತಾಯಿತು.

ಭಟ್ಟಿಯ ಸಾವ್ಕಾರರು ಕೆಟ್ಟವರಲ್ಲ. "ನೋಡಪ್ಪಾ, ಬೆಂಕಿ ಮುಂದಿನ ಕೆಲಸ ಇದು. ಮನೇಲಿರು. ನಿನ್ನ ಹೆಂಡ್ತಿ ಬಂದ್ರೆ ಚೀಲ ಹೊಲಿಯೋ ಕೆಲಸ ಕೊಡ್ತೀನಿ" ಅಂದರು. ಹೆಂಡತಿ ಆಗಲೇ ವಿದ್ಯಾನಗರದ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಮನೆ ನಡೆಯುತ್ತಿತ್ತು. ನಡೆಯದೆ ಕುಂತದ್ದು ನಾನೊಬ್ಬನೇ. ನಾಲ್ಕು ತಿಂಗಳು ಹಾಗೆ ಕುಂತೆ. ನೀರು ಬೇಕಾದರೆ ಕೇಳುತ್ತಿದ್ದೆ. ಕೇಳಲು ನಾಚಿಕೆಯಾದರೆ ಬಾಯಾರಿಕೊಂಡೇ ಇರುತ್ತಿದ್ದೆ.

ಅದನ್ನು ನೋಡಲಾರದೆ ಹೆಂಡತಿ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಅವಳ ದೊಡ್ಡವ್ವ ಇದ್ದಾಳೆ. ಮೂರನೇ ವಯಸ್ಸಿಗೆ ಸಿಡುಬು ಬಂದು ಎರಡೂ ಕಣ್ಣು ಹೋದವಳು. ಈಗ ಅವಳಿಗೆ ಅರವತ್ತೈದು ದಾಟಿದೆ. ಜೋಳದ ರೊಟ್ಟಿ ಬಡಿದು ಊರಿನ ಎರಡು ಖಾನಾವಳಿಗೆ ಕೊಡುತ್ತಾಳೆ. ನಾನು ಮದುವೆಯಾದಾಗಿನಿಂದ ಅವಳ ರೊಟ್ಟಿ ತಿಂದಿದ್ದೆ. ಅವಳು ಹೇಗೆ ಮಾಡುತ್ತಾಳೆ ಎಂದು ಕಣ್ಣಿದ್ದಾಗ ಒಂದು ದಿನವೂ ನೋಡಿರಲಿಲ್ಲ.

ಹೊಸ್ತಿಲು ದಾಟುವುದರೊಳಗೆ, ನಮ್ಮ ಜೋಡಿ ಹೆಜ್ಜೆ ಕೇಳಿಸಿಕೊಂಡ ಅವಳ ಮಾತು ಬಂತು.

"ಏನ್ರಿ ಅಳಿಯಂದ್ರೆ, ಮದುವೆ ದಿನ ಹಿಡಿದ ಕೈ ಇನ್ನೂ ಬಿಟ್ಟಿಲ್ಲೇನು?"

ನಾನು ಹೆಂಡತಿಯ ಕೈ ಬಿಟ್ಟೆ.

"ಹಂಗೆ ಬರ್ರಿ. ಎದುರಿಗೆ ಏನೂ ಇಲ್ಲ. ಒಲೆ ಬಿಸಿ ತಾಕ್ತೈತಲ್ಲ, ಅಲ್ಲಿ ಕೂಡ್ರಿ."

ಕೂತೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಹೆಂಚಿಗೆ ಹಾಕಿದಳು, ಮೇಲೆ ಒದ್ದೆ ಬಟ್ಟೆ ಆಡಿಸಿದಳು. ಸುಯ್ ಎಂದಿತು. ಆ ಸುಯ್ ಸಣ್ಣಗಾಗುತ್ತಾ ಬಂತು.

"ಯಾವಾಗ ತಿರುವಲಿ, ಹೇಳ್ರಿ."

"ನಂಗೇನು ಗೊತ್ತು ದೊಡ್ಡವ್ವಾ? ಕಾಣಂಗಿಲ್ಲ."

"ನಂಗೇನು ಕಾಣ್ತೈತಾ?"

ಆ ಸುಯ್ ಅಡಗುತ್ತಿದ್ದ ಹಾಗೆ "ಈಗ" ಅಂದೆ. ತಿರುವಿದಳು. ಮತ್ತೊಂದು ಹಾಕಿದಳು. "ಈಗ" ಅಂದೆ. ಹತ್ತು ರೊಟ್ಟಿಗೂ ನಾನೇ ಹೇಳಿದೆ. ಅವಳು ಒಂದೊಂದನ್ನೂ ಬೆರಳಿನಿಂದ ಸವರಿ ಬುಟ್ಟಿಗೆ ಹಾಕಿದಳು. ಒಂದನ್ನೂ ಪಕ್ಕಕ್ಕೆ ಎಸೆಯಲಿಲ್ಲ.

"ಕಣ್ಣು ಹೋಗಿ ಎಷ್ಟು ದಿನ ಆತು?"

"ಪೂರ್ತಿ ಹೋಗಿ ನಾಲ್ಕು ತಿಂಗಳು."

"ನಾಲ್ಕು ತಿಂಗಳಾಗೆ ಈ ಹದ ತಿಳಿಯಂಗಿಲ್ಲ. ಇದು ನಿಮ್ಮತ್ರ ಮದ್ಲೇ ಐತೆ. ಎಲ್ಲಿ ಕಲಿತಿದ್ದು ಅಂತ ನೀವೇ ಯೋಚ್ನೆ ಮಾಡ್ರಿ."

ಯೋಚಿಸಿದೆ. ಕಣ್ಣು ಹೋದರೆ ಕಿವಿ ಚುರುಕಾಗುತ್ತದೆ ಎನ್ನುತ್ತಾರೆ ಜನ. ಸುಳ್ಳು. ನನ್ನ ಕಿವಿ ಮೊದಲಿನ ಕಿವಿಯೇ. ಭಟ್ಟಿಯ ಹೊಗೆಯಲ್ಲಿ, ಉಪ್ಪಿನ ಹಬೆಯಲ್ಲಿ, ಅರ್ಧ ದಿನ ನಾವೆಲ್ಲ ಕಣ್ಣು ಮುಚ್ಚಿಕೊಂಡೇ ಆಡಿಸುತ್ತಿದ್ದೆವು. ಅಕ್ಕಿ ಮರಳಿಗೆ ಬಿದ್ದಾಗ ಸೊರ್ ಎನ್ನುತ್ತದೆ, ಆಮೇಲೆ ಚಿಟಚಿಟ, ಆಮೇಲೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ. ಆ ಮಳೆಯ ಸದ್ದು ಹಗುರಾದ ಕೂಡಲೇ ಎತ್ತಬೇಕು. ಇದನ್ನು ನನಗೆ ಹೇಳಿಕೊಟ್ಟವರು ಯಾರೂ ಇಲ್ಲ. ಇಪ್ಪತ್ತೆರಡು ವರ್ಷ ಕಿವಿಯಲ್ಲಿ ಹುರಿದು ಕಣ್ಣಿಗೆ ಹೆಸರು ಕೊಟ್ಟಿದ್ದೆ.

ದೊಡ್ಡವ್ವನ ಮನೆಯಲ್ಲಿ ಹದಿನೈದು ದಿನ ಇದ್ದೆ. ಹೆಜ್ಜೆ ಎಣಿಸುವುದು, ಅಂಗೈಯಿಂದ ದೂರ ಅಳೆಯುವುದು, ಕೋಲು ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬರುವುದು, ಎಲ್ಲ ಕಲಿಸಿದಳು. ಹೊರಡುವ ದಿನ ಒಂದು ಮಾತು ಹೇಳಿದಳು: "ಬೈಯ್ಯೋರಿಗೆ ಹೆದರಬ್ಯಾಡ್ರಿ. ಅಯ್ಯೋ ಅನ್ನೋರಿಗೆ ಹೆದರ್ರಿ. ಅವರು ಕುರ್ಚಿ ಸರಿಸ್ತಾರೆ." ಆಗ ನನಗೆ ಅದು ಅರ್ಥವಾಗಲಿಲ್ಲ.

ದಾವಣಗೆರೆಗೆ ಒಬ್ಬನೇ ಬಸ್ಸಿನಲ್ಲಿ ಬಂದೆ. ಇಳಿದವನು ಮನೆಗೆ ಹೋಗಲಿಲ್ಲ, ನೆಟ್ಟಗೆ ಭಟ್ಟಿಗೆ ಹೋದೆ.

"ಸಾವ್ಕಾರ್ರೆ, ಒಂದು ಚೀಲ ಅಕ್ಕಿ ಕೊಟ್ಟು ನೋಡ್ರಿ. ಒಂದು ಹಿಡಿ ಕೆಂಪಾದ್ರೂ ನಾನೇ ಮನೆಗೆ ಹೋಗ್ತೀನಿ. ಮತ್ತೆ ಈ ಬಾಗಿಲಿಗೆ ಬರಂಗಿಲ್ಲ."

"ಕೈ ಸುಟ್ಕಂಡ್ರೆ?"

"ಕಣ್ಣಿದ್ದಾಗ ಸುಟ್ಕಂಡಷ್ಟು ಈಗ ಸುಟ್ಕಳಲ್ಲ."

ಅವರು ಸೋಮವಾರ ಬೆಳಿಗ್ಗೆ ಬಾ ಅಂದರು.

ಸೋಮವಾರ ಹೋದೆ. ಬಾಗಿಲಿನಿಂದ ನನ್ನ ಬಾಣಲೆಗೆ ಹನ್ನೊಂದು ಹೆಜ್ಜೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ಹನ್ನೊಂದು ಇಟ್ಟೆ. ಬಾಣಲೆಯ ಬಿಸಿ ಎದೆಗೆ ತಾಕಿತು. ಎಡಗೈ ಚಾಚಿದೆ, ಜರಡಿ ಇಲ್ಲ. ಬಲಗಾಲು ಸರಿಸಿದೆ, ಅಕ್ಕಿಯ ಬುಟ್ಟಿ ಇಲ್ಲ. ಯಾರೋ ಬುಟ್ಟಿಯನ್ನು ತಂದು ಕೈಗೆ ಕೊಟ್ಟರು. ಒಂದು ಅಳತೆ ಅಕ್ಕಿ ತೆಗೆದು ಮರಳಿನ ಮೇಲೆ ಹಿಡಿದೆ. ಆಮೇಲೆ ನನಗೆ ಏನೂ ತಿಳಿಯದಾಯಿತು.

ಭಟ್ಟಿಯಲ್ಲಿ ಒಂದು ಸದ್ದಿಲ್ಲ. ರೇಡಿಯೋ ಇಲ್ಲ, ಪಕ್ಕದ ಬಾಣಲೆಯ ಸೌಟಿಲ್ಲ, ಕೆಮ್ಮೂ ಇಲ್ಲ. ಗೋಡೆ ಎಲ್ಲಿ, ಬಾಗಿಲು ಎಲ್ಲಿ, ಜನ ಎಲ್ಲಿ, ಒಂದೂ ಗೊತ್ತಾಗಲಿಲ್ಲ. ಕಣ್ಣು ಹೋದ ಮೇಲೆ ಕತ್ತಲೆ ಎಂದರೆ ಏನೆಂದು ನಾನು ಕಂಡದ್ದು ಅವತ್ತೇ. ಅಕ್ಕಿ ಹಾಕದೆ ಹಾಗೇ ಹಿಡಿದು ನಿಂತೆ.

"ಬ್ಯಾಡ ಬಿಡು," ಸಾವ್ಕಾರರು ಮೆಲ್ಲಗೆ ಅಂದರು. "ಯಾರೂ ಏನೂ ಅಂದ್ಕಳಲ್ಲ."

ಆ ಮೆಲ್ಲಗಿನ ಮಾತಿಗೆ ದೊಡ್ಡವ್ವ ಹೇಳಿದ ಕುರ್ಚಿಯ ಮಾತು ಅರ್ಥವಾಯಿತು. ಅಕ್ಕಿಯನ್ನು ಬುಟ್ಟಿಗೆ ವಾಪಸ್ ಸುರಿದೆ.

"ಎಲ್ಲಾರೂ ಸತ್ರೇನು ಇಲ್ಲಿ?" ಅಂದೆ.

"ಇದೀವಪ್ಪಾ," ಅಂದ ಪಕ್ಕದ ಬಾಣಲೆಯವನು. ಹದಿನೆಂಟು ವರ್ಷ ನನ್ನ ಮಗ್ಗುಲಲ್ಲಿ ನಿಂತವನು, ಬೈಯದೆ ನನ್ನ ಹತ್ತಿರ ಒಂದು ಮಾತು ಆಡಿದವನಲ್ಲ. "ನಿಂಗೆ ತೊಂದ್ರೆ ಆಗ್ಬಾರ್ದು ಅಂತ ಎಲ್ಲಾ ತೆಗ್ದಿಟ್ಟೀವಿ. ನನ್ನ ಒಲೇನೂ ಆರ್ಸೀನಿ."

"ಹಚ್ಚು ಅದನ್ನ. ಜರಡಿ ಎಲ್ಲಿತ್ತೋ ಅಲ್ಲಿಡು. ಬುಟ್ಟಿ ನನ್ನ ಬಲಗಾಲತ್ರ. ರೇಡಿಯೋ ಹಚ್ಚು. ನೀನ್ಯಾಕ ಬಾಯಿಗೆ ಬಟ್ಟೆ ಕಟ್ಕಂಡಿದೀಯ? ದಿನಾ ಬೈತಿದ್ದೆಲ್ಲ?"

"ಕಣ್ಣಿಲ್ಲದೋರಿಗೆ ಬೈಬಾರ್ದು ಅಂತ ನಮ್ಮನೆಯೋಳು ಹೇಳಿದಾಳೆ."

"ನೀನು ಬೈಯದೇ ಇದ್ರೆ ನನ್ನ ಕೆಲಸ ಹೋಗ್ತೈತೆ."

ಜರಡಿ ಎಡಗೈಗೆ ಸಿಕ್ಕಿತು, ಬುಟ್ಟಿ ಬಲಗಾಲಿಗೆ ತಾಕಿತು. ಆಮೇಲೆ ಅವನ ಒಲೆ ಭುಗ್ ಎಂದಿತು.

"ಹಂಗಾದ್ರೆ ಕೇಳು, ಕತ್ತೆ. ನಾಲ್ಕು ತಿಂಗಳು ಕುಂತು ಉಂಡು ಹೊಟ್ಟೆ ಮುಂದಕ್ಕೆ ಬಂದೈತೆ. ಮದ್ಲು ಹೊಟ್ಟೆ ಬಾಣಲೆಗೆ ಬೀಳ್ತೈತಾ ಅಕ್ಕಿ ಬೀಳ್ತೈತಾ ನೋಡ್ಕ. ನನ್ನ ಡಬ್ಬಿ ಸೊಟ್ಟ ಮಾಡಿದ್ದು ಇನ್ನೂ ಮರ್ತಿಲ್ಲ ನಾನು."

ಎಲ್ಲರೂ ನಕ್ಕರು. ಒಲೆಗೆ ಹೊಟ್ಟು ಹಾಕುವವನು ಕೆಳಗಿನಿಂದ ನಕ್ಕ, ಚೀಲ ಹೊಲಿಯುವ ಹೆಂಗಸರು ಬಲಗಡೆಯ ಗೋಡೆಗೆ ಒರಗಿ ನಕ್ಕರು, ಸಾವ್ಕಾರರು ಬಾಗಿಲಲ್ಲಿ ನಕ್ಕರು. ಆ ನಗೆಯಲ್ಲಿ ನನ್ನ ಭಟ್ಟಿ ಇಡಿಯಾಗಿ ಎದ್ದು ನಿಂತಿತು. ಗೋಡೆ ಗೋಡೆಯ ಜಾಗಕ್ಕೆ ಬಂತು, ಬಾಗಿಲು ಬಾಗಿಲಿನ ಜಾಗಕ್ಕೆ ಬಂತು. ಪಕ್ಕದ ಸೌಟು ಮರಳಿನಲ್ಲಿ ಕರಕರ ಎನ್ನತೊಡಗಿತು. ನಾನು ಅಕ್ಕಿ ಹಾಕಿದೆ.

ಸೊರ್. ಚಿಟಚಿಟ. ಮಳೆ. ಎತ್ತಿದೆ.

ಚೀಲ ಮುಗಿಯುವವರೆಗೆ ನಾನು ನಿಲ್ಲಿಸಲಿಲ್ಲ, ಅವನು ಬೈಯುವುದನ್ನೂ ನಿಲ್ಲಿಸಲಿಲ್ಲ. ಸಾವ್ಕಾರರು ಅಂಗಳದ ಬಿಸಿಲಿನಲ್ಲಿ ಬಿಳಿ ಪಂಚೆ ಹಾಸಿ ಸುರಿಸಿದರು. ಕೈಯಾಡಿಸಿ ಹುಡುಕಿದರು. ಆ ಹುಡುಕಾಟದ ಸದ್ದು ಬಹಳ ಹೊತ್ತು ಕೇಳಿಸಿತು.

"ಮೂರು ಕಾಳು ಕೆಂಪದಾವೆ," ಅಂದರು.

"ಅವು ನನ್ನವು ಸಾವ್ಕಾರ್ರೆ," ಅಂದ ಪಕ್ಕದವನು. "ನಿನ್ನೆ ಆ ಬಾಣಲೆಯಾಗೆ ಹುರ್ದೋನು ನಾನು. ಮರಳಿನಾಗೆ ಉಳಿದಿದ್ವು."

ಸಾವ್ಕಾರರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಅಗಿದು ಮುಗಿಸಿ ಕೇಳಿದರು: "ನಾಳೆ ಎಷ್ಟೊತ್ತಿಗೆ ಬರ್ತೀಯ?"

"ನೀವು ಬಾಗಿಲು ತೆಗಿಯೋ ಹೊತ್ತಿಗೆ ಹೊರಗೆ ನಿಂತಿರ್ತೀನಿ," ಅಂದೆ. ನಿಂತಿದ್ದೆ ಕೂಡ. ಇವತ್ತಿಗೂ ನಿಂತಿರುತ್ತೇನೆ. ಮಂಡಿಪೇಟೆಯವರ ಬೇರೆ ಚೀಲ ಮತ್ತೆ ಶುರುವಾಗಿದೆ. ನನ್ನ ಜರಡಿಯನ್ನು ಒಂದು ಗೇಣು ಸರಿಸಿದವನಿಗೂ ಆ ದಿನದ ಚಹಾ ಇಲ್ಲ ಎಂದು ಸಾವ್ಕಾರರೇ ಕಟ್ಟು ಮಾಡಿದ್ದಾರೆ.

ಆ ವಾರದ ರಜೆಗೆ ನಾನು ಹುರಿದ ಮಂಡಕ್ಕಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಹರಿಹರದ ಬಸ್ಸು ಹತ್ತಿದೆ. ದೊಡ್ಡವ್ವ ಒಂದು ಹಿಡಿ ಬಾಯಿಗೆ ಹಾಕಿ ನಿಧಾನ ಅಗಿದಳು.

"ಉಪ್ಪು ಒಂಚೂರು ಮುಂದಾತು," ಅಂದಳು. ಮತ್ತೊಂದು ಹಿಡಿ ಹಾಕಿಕೊಂಡಳು. "ಕುರ್ಚಿ ಸರಿಸಿದ್ರಾ?"

"ಸರಿಸಿದ್ರು."

"ನೀವೇನು ಮಾಡಿದ್ರಿ?"

"ಇದ್ದ ಜಾಗಕ್ಕೆ ಇಡಿಸಿದೆ."

ಅವಳು ತಟ್ಟೆ ಎಳೆದು ರೊಟ್ಟಿ ಹಾಕುವ ಸದ್ದು ಕೇಳಿಸಿತು.

"ಹಂಗಾದ್ರೆ ಕೈ ತೊಳಕಂಡು ಬರ್ರಿ ಅಳಿಯಂದ್ರೆ. ಬಚ್ಚಲು ಎಲ್ಲೈತೆ ಅಂತ ನಾನು ಹೇಳಂಗಿಲ್ಲ."

ನಾನೂ ಕೇಳಲಿಲ್ಲ. ಹೋಗಿ ತೊಳೆದುಕೊಂಡು ಬಂದು ಉಂಡೆ.