ಓದಿದೆನೆಂದುಕೊಂಡ ತಾಸುಗಳು

ಸಿಎ ಇಂಟರ್ ಪರೀಕ್ಷೆಯಲ್ಲಿ ನಾನು ನಾಲ್ಕು ಸಲ ಫೇಲಾದೆ. ಅದನ್ನು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ. ನಾನು ಫೇಲಾಗುತ್ತಿದ್ದಷ್ಟು ದಿನವೂ ನನ್ನ ತಂಗಿ ಹತ್ತಿ ಹೊಲದಲ್ಲಿದ್ದಳು, ಸಂಕಟವಾಗುವುದು ಅದಕ್ಕೆ.

ನಮ್ಮದು ದೇವದುರ್ಗ ತಾಲ್ಲೂಕಿನ ಮಸರಕಲ್. ಅಪ್ಪ, ಅವ್ವ ಇಬ್ಬರೂ ಕೂಲಿ ಮಾಡುವವರು. ನಾನು ಬಿಕಾಂ ಮುಗಿಸಿ ಸಿಎ ಓದುತ್ತೇನೆಂದು ಹಟ ಹಿಡಿದ ವರ್ಷವೇ ತಂಗಿ ದೇವದುರ್ಗದಲ್ಲಿ ಪಿಯುಸಿ ಪಾಸಾದಳು, ಅದೂ ನನಗಿಂತ ಒಳ್ಳೆಯ ಅಂಕ ತೆಗೆದು. ಅವ್ವ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

"ಇಬ್ರೂ ಪುಸ್ತಕ ಹಿಡದು ಕುಂತ್ರ ಹೊಲಕ್ಕ ಬರೋರು ಯಾರು? ಅಕ್ಕಂದು ಮುಗೀಲಿ. ಆಮ್ಯಾಲ ನೀ ರಾಯಚೂರಿಗೆ ಕಾಲೇಜಿಗೆ ಹೋಗು."

ತಂಗಿ ಹೂಂ ಎಂದಳು. ಒಂದು ವರ್ಷದ ಮಾತು ತಾನೆ ಎಂದು ನಾನು ಬಲು ಧಾರಾಳವಾಗಿ ಅವಳ ಬೆನ್ನು ತಟ್ಟಿದೆ.

ನಮ್ಮ ಮನೆಯಲ್ಲಿ ದುಡಿಮೆಯೆಂದರೆ ಹೊತ್ತಿನ ಲೆಕ್ಕ. ಬೆಳಿಗ್ಗೆ ಹೊಲಕ್ಕಿಳಿದು ಸಂಜೆಯತನಕ ಬಗ್ಗಿದರೆ ಒಂದು ದಿನದ ಕೆಲಸ ಆಯಿತು. ನಾನು ಓದನ್ನೂ ಅದೇ ರೀತಿ ಅಳೆದೆ. ಅವರು ಹೊರಟಾಗ ಕೂತರೆ ಅವರು ಬಂದ ಮೇಲೇ ಏಳುವುದು. ಆದರೆ ಕೂತು ಮಾಡಿದ್ದೇನು? ಪುಸ್ತಕದಲ್ಲಿ ಬಿಡಿಸಿಟ್ಟ ಲೆಕ್ಕಗಳನ್ನು ನೋಡುವುದು, ಎಲ್ಲ ತಿಳಿಯಿತೆಂದು ತಲೆಯಾಡಿಸುವುದು, ಅದನ್ನೇ ಮೂರು ಬಣ್ಣದ ಪೆನ್ನುಗಳಲ್ಲಿ ನೋಟ್ಸಿಗೆ ಇಳಿಸುವುದು. ನೋಟ್ಸು ಮಾತ್ರ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಪುಸ್ತಕ ಮುಚ್ಚಿಟ್ಟು ಒಂದೇ ಒಂದು ಲೆಕ್ಕ ಮಾಡಿದವಳಲ್ಲ. "ಹತ್ತು ತಾಸು ಕುಂತಾಳ ನನ್ನ ಮಗಳು" ಎಂದು ಅವ್ವ ಓಣಿಯವರ ಮುಂದೆ ಹೇಳುವಾಗ ನನಗೂ ಹೆಮ್ಮೆಯೇ ಆಗುತ್ತಿತ್ತು.

ಮೊದಲ ಸಲ ಫೇಲಾದಾಗ ಜ್ವರ ಬಂದಿತ್ತೆಂದೆ. ಎರಡನೆಯ ಸಲ ಪೇಪರ್ ತಿದ್ದಿದವರನ್ನು ಬೈದೆ. ಮೂರನೆಯ ಸಲಕ್ಕೆ ಬೈಯಲು ಯಾರೂ ಉಳಿದಿರಲಿಲ್ಲ. ಆಗಲೇ ಒಂದು ಸಂಜೆ ತಂಗಿ ಮೆತ್ತಗೆ ಕೇಳಿದಳು, "ಅಕ್ಕಾ, ಈ ವರ್ಷಾದ್ರೂ ಕಾಲೇಜಿನ ಅರ್ಜಿ ತರ್ಲೇನು?"

"ನಿನಗ ಬರೇ ನಿಂದ ಚಿಂತಿ. ನಾ ಇಲ್ಲಿ ಸಾಯಾಕತ್ತೀನಿ, ಕಾಣವಲ್ದೇನು?" ಎಂದು ಹರಿಹಾಯ್ದೆ.

ಅವಳು ಮತ್ತೆ ಆ ಮಾತೆತ್ತಲಿಲ್ಲ. ನಾಲ್ಕನೆಯ ಸಲವೂ ನಾನು ಫೇಲಾದ ಮೇಲೆ ಮಾನ್ವಿಯಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು, ಅಪ್ಪ ಅವ್ವ ಮದುವೆ ಮಾಡಿಯೂ ಬಿಟ್ಟರು. ಬೇಡ ಎನ್ನಲು ನನಗೆ ಯಾವ ಮುಖವಿತ್ತು?

ಅವಳು ಹೋದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ರಾಯಚೂರಿನಲ್ಲಿ ಒಬ್ಬ ಆಡಿಟರ್ ಅವರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಊಟದ ಬಿಡುವಿನಲ್ಲಿ ಓದುತ್ತಿದ್ದವಳನ್ನು ಕಂಡು ಅವರು ನಿಂತರು. ಹಿಂದಿನ ದಿನ ಓದಿದ್ದು ಯಾವುದೆಂದು ಕೇಳಿದರು. ಕ್ಯಾಶ್ ಫ್ಲೋ, ಅಂದರೆ ಹಣ ಬಂದು ಹೋಗುವ ಲೆಕ್ಕ, ಎಂದೆ. ಪುಸ್ತಕ ಇಸಿದುಕೊಂಡು ಮುಚ್ಚಿ, ಒಂದು ಬಿಳಿ ಹಾಳೆ ಕೊಟ್ಟು, "ಈಗ ಮಾಡ್ರಿ" ಎಂದರು. ನಾನು ಮೇಲೆ ಹೆಸರು ಬರೆದೆ. ಸ್ಕೇಲಿಟ್ಟು ಅಂದವಾಗಿ ಗೆರೆ ಎಳೆದೆ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

"ನೀವು ಓದಿಲ್ರಿ, ಬರೇ ನೋಡೀರಿ" ಎಂದು ಪುಸ್ತಕ ಮರಳಿಸಿ ಹೋದರು.

ಆ ಸಂಜೆ ರೂಮಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಮರುದಿನದಿಂದ ಬಣ್ಣದ ಪೆನ್ನುಗಳನ್ನು ಬಿಟ್ಟೆ. ಆಫೀಸಿಗೆ ಹೋಗುವ ಮುಂಚೆ ಎರಡೇ ತಾಸು, ಪುಸ್ತಕ ಮುಚ್ಚಿಟ್ಟು ಲೆಕ್ಕ. ತಪ್ಪಾದದ್ದನ್ನು ಬೇರೆ ವಹಿಯಲ್ಲಿ ಬರೆದು, ಎಲ್ಲಿ ಎಡವಿದೆ ಎಂದು ಪಕ್ಕದಲ್ಲೇ ಗುರುತು ಹಾಕುವುದು. ಭಾನುವಾರ ಮೂರು ತಾಸು ಏಳದೆ ಒಂದು ಇಡೀ ಪೇಪರ್. ಮೊದಲ ವಾರ ಹೆಚ್ಚುಕಡಿಮೆ ಎಲ್ಲವೂ ತಪ್ಪು. ಐದನೆಯ ಸಲ ಪಾಸಾದೆ.

ಪೇಢೆ ಕಟ್ಟಿಸಿಕೊಂಡು ಮಾನ್ವಿಗೆ ಹೋದೆ. ತಂಗಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದು ನಕ್ಕಳು. ಒಲೆಯ ಹತ್ತಿರ ಕೂತು ಹೊಸ ಓದಿನ ಕತೆಯನ್ನೆಲ್ಲ ಹೇಳಿದೆ. "ಪುಸ್ತಕ ಮುಚ್ಚಿ ಮಾಡಬೇಕಿತ್ತು ನೋಡು, ಇಷ್ಟ ಇತ್ತು" ಎಂದೆ.

"ಗೊತ್ತಿತ್ತಕ್ಕಾ" ಎಂದಳು ಹಂಚಿನ ಮೇಲೆ ರೊಟ್ಟಿ ಹಾಕುತ್ತಾ. "ನಾ ಪಿಯುಸಿ ಹಂಗ ಓದಿದ್ದಲ್ಲ? ನೀ ಮೊದಲ್ನೇ ಸಲ ಬರಿಯೋಕಿಂತ ಮುಂಚೇನ ಗೊತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ, ತಾನು ಕಾಲೇಜಿಗೆ ಹೋಗಾಕ ಗಡಿಬಿಡಿ ಮಾಡಾಕತ್ಯಾಳ ಅಂತಿದ್ದಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಗೆ ಅನ್ನುತ್ತಿರಲಿಲ್ಲ ಕಣೇ ಎಂದು ಹೇಳಲು ಬಾಯಿ ತೆರೆದೆ. ಅನ್ನುತ್ತಿದ್ದೆ. ಖಂಡಿತ ಅಂದೇ ಅನ್ನುತ್ತಿದ್ದೆ.