ಮರ ಬಿಟ್ಟರು, ಪೊದೆ ಕಡಿದರು

ಕೆರೆಯಿಂದ ಮಾವಿನ ತೋಪಿನವರೆಗೆ ನಮ್ಮ ಕೇರಿಗಳ ಹಿಂದೆ ಒಂದು ಪೊದೆಸಾಲು ಇತ್ತು. ಹಳೆಯ ಕೋಡಿ ಕಾಲುವೆಯ ಎರಡು ದಡಕ್ಕೂ ಹೊಂಗೆ, ಹುಣಸೆ. ಅವುಗಳ ಕೆಳಗೆ ಲಕ್ಕಿ, ಲಂಟಾನ, ಕತ್ತಾಳೆ ಎದೆಯೆತ್ತರ ಬೆಳೆದು ಹೆಣೆದುಕೊಂಡಿದ್ದವು. ಗಂಡಸರು ಅದನ್ನು ಹಾಳು ಪೊದೆ ಅನ್ನುತ್ತಿದ್ದರು. ಹೆಂಗಸರು ಏನೂ ಅನ್ನುತ್ತಿರಲಿಲ್ಲ, ಚೆಂಬು ಹಿಡಿದು ಹೋಗಿ ಬರುತ್ತಿದ್ದೆವು. ನಾಲ್ಕು ಕೇರಿಯ ಹೆಂಗಸರಿಗೆ ಅದೇ ಕಕ್ಕಸು. ಓದುವವರಿಗೆ ಈ ಮಾತು ಹೇಸಿಗೆ ಅನ್ನಿಸಿದರೆ ಅನ್ನಿಸಲಿ. ಇದನ್ನು ಬಾಯಿಬಿಟ್ಟು ಹೇಳದೆ ಇದ್ದದ್ದರಿಂದಲೇ ಎಲ್ಲ ಆದದ್ದು.

ನಾನು ಕಟ್ಟೆಮಳಲವಾಡಿಯ ಹೆಣ್ಣು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಈ ಪೇಟೆ ಊರಿಗೆ ಸೊಸೆಯಾಗಿ ಬಂದಾಗ ಐವತ್ತರ ದಶಕ ಆಗ ತಾನೇ ಶುರುವಾಗಿತ್ತು. ಹುಣಸೂರು ಕಡೆಯ ಊರು, ಹೆಸರು ಬರೆಯುವುದಿಲ್ಲ. ಮಾವನದು ದಿನಸಿ ಅಂಗಡಿ. ಊರಿನ ಸಭೆಯಲ್ಲಿ ಮೆಂಬರು ಕೂಡ ಆಗಿದ್ದರು.

ಪಕ್ಕದ ಮನೆಯ ಸೊಸೆ ನನಗಿಂತ ಒಂದು ವರ್ಷ ಮೊದಲು ಬಂದಿದ್ದಳು. ಅವಳ ಗಂಡ ಬಾಡಿಗೆ ಗಾಡಿ ಹೊಡೆಯುತ್ತಿದ್ದ. ನಾವಿಬ್ಬರೂ ಜೊತೆಯಲ್ಲೇ ಹೋಗುತ್ತಿದ್ದೆವು. ಮನೆಯಲ್ಲಿ ಆಡಲಾಗದ ಮಾತೆಲ್ಲ ಅಲ್ಲಿ ಒಂದೊಂದು ಪೊದೆಯ ಹಿಂದಿನಿಂದ ಆಡುತ್ತಿದ್ದೆವು. ಒಮ್ಮೆ ಮುಂಗುಸಿಯೊಂದು ಹಿಂಗಾಲ ಮೇಲೆ ನಿಂತು ನಮ್ಮನ್ನೇ ನೋಡಿತು. "ನೋಡಮ್ಮಿ, ನಿಮ್ಮತ್ತೆ ಬಂದ್ಲು, ಬೇಗ ಏಳು" ಅಂದಳು. ನಕ್ಕು ನಕ್ಕು ಚೆಂಬಿನ ನೀರು ಚೆಲ್ಲಿಕೊಂಡೆ. ಗೌಜಲಕ್ಕಿ ಮರಿ ಕಟ್ಟಿಕೊಂಡು ಕೆರೆಯಿಂದ ತೋಪಿಗೆ ಹೋಗುತ್ತಿತ್ತು, ಒಂದು ಸಲವೂ ಬಯಲಿಗೆ ಮೈ ತೋರುತ್ತಿರಲಿಲ್ಲ. ನಾವೂ ಹಾಗೆಯೇ.

ಒಂದು ವರ್ಷ ಊರನ್ನು ಚೆಂದ ಮಾಡಬೇಕೆಂದು ಮೈಸೂರಿನಿಂದ ಓವರ್‌ಸಿಯರ್ ಬಂದ. ಚಿಕ್ಕ ವಯಸ್ಸು. ಸುಳ್ಳು ಹೇಳುವುದಿಲ್ಲ, ಒಳ್ಳೆಯ ಮನುಷ್ಯ. ಮೆಂಬರುಗಳಿಗೆ ಆ ಜಾಗವನ್ನು ಸೈಟು ಮಾಡಿ ಹಂಚಿಕೊಳ್ಳುವ ಆಸೆ. ಅವನು ಒಪ್ಪಲಿಲ್ಲ. ಕೆರೆಯನ್ನೂ ತೋಪನ್ನೂ ಬೇರೆ ಬೇರೆ ಮಾಡಿದರೆ ಎರಡೂ ಉಳಿಯುವುದಿಲ್ಲ, ನಡುವೆ ಮರದ ಸಾಲು ಎಲ್ಲೂ ತುಂಡಾಗಬಾರದು, ಜನ ನೆರಳಿನಲ್ಲೇ ಈ ತುದಿಯಿಂದ ಆ ತುದಿಗೆ ನಡೆಯಬೇಕು ಎಂದು ವಾದ ಮಾಡಿದ. ಸರಪಳಿ ಹಿಡಿದು ಅಳೆದ. ನಕ್ಷೆಯಲ್ಲಿ ಹಸಿರು ಪೆನ್ಸಿಲಿನಿಂದ ಗೆರೆ ಎಳೆದ.

ಆ ನಕ್ಷೆ ತೋರಿಸಲು ನಮ್ಮ ಮನೆಗೂ ಬಂದ. ಜಗಲಿಯ ಮೇಲೆ ಹಾಸಿಕೊಂಡು, ಈ ಜಾಗವನ್ನು ಈಗ ಯಾರು ಬಳಸುತ್ತಾರೆ ಎಂದು ಮಾವನನ್ನು ಕೇಳಿದ. ಮಾವ ತೊಲೆ ನೋಡಿಕೊಂಡು, ಯಾರೂ ಇಲ್ಲ ಸ್ವಾಮಿ, ಬರೀ ಹಾವು ಚೇಳು ಅಂದರು. ಅವರ ಹೆಂಡತಿ, ಇಬ್ಬರು ಸೊಸೆಯರು ಅವರ ಹಿತ್ತಿಲ ಬಾಗಿಲಿನಿಂದಲೇ ದಿನಕ್ಕೆ ಎರಡು ಸಲ ಹೋಗುತ್ತಿದ್ದೆವು. ಗೊತ್ತಿಲ್ಲದೆ ಅಂದದ್ದಲ್ಲ.

ಅಷ್ಟರಲ್ಲಿ ಅಂಗಡಿಯಿಂದ ಕರೆ ಬಂದು ಮಾವ ಎದ್ದು ಹೋದರು. ನಾನು ಹೊಸ್ತಿಲಲ್ಲಿ ಕಾಫಿ ಇಡುತ್ತಿದ್ದೆ. ಓವರ್‌ಸಿಯರ್ ತಲೆ ಎತ್ತಿ, "ನೀವು ಹೇಳಿ ಅಮ್ಮಾ, ಅದು ಇರಬೇಕಾ, ಬೇಡವಾ?" ಎಂದು ಕೇಳಿದ. ಆ ಊರಿನಲ್ಲಿ ಒಬ್ಬ ಗಂಡಸು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಪರ ಗಂಡಸು, ನನ್ನದೇ ವಯಸ್ಸು. ನಾಚಿಕೆಯಾಯಿತು.

"ಮರ ಇರ್ಲಿ ಸ್ವಾಮಿ. ಮರ ಕಡೀಬ್ಯಾಡಿ" ಅಂದೆ.

ಅವನು ಖುಷಿಯಾಗಿ ಬರೆದುಕೊಂಡ. ನಾನು ದೊಡ್ಡ ಕೆಲಸ ಮಾಡಿದವಳ ಹಾಗೆ ಗೆಳತಿಗೆ ಹೇಳಿಕೊಂಡು ಮೆರೆದೆ.

ಸುಗ್ಗಿ ಮುಗಿದ ಮೇಲೆ ಮಚ್ಚು ಹಿಡಿದ ಆಳುಗಳು ಬಂದರು. ಮರಗಳ ಕೆಳಗಿದ್ದದ್ದನ್ನೆಲ್ಲ ಬುಡಸಮೇತ ಕಿತ್ತು ಗುಡ್ಡೆ ಹಾಕಿ ಸುಟ್ಟರು. ಒಂದು ಮರವನ್ನೂ ಮುಟ್ಟಲಿಲ್ಲ, ಓವರ್‌ಸಿಯರ್ ಮಾತು ಉಳಿಸಿಕೊಂಡ. ಕಾಂಡಗಳಿಗೆ ಸುಣ್ಣ, ಕೆಮ್ಮಣ್ಣು ಬಳಿದರು. ಕಲ್ಲಿನ ಬೆಂಚು ಹಾಕಿದರು. ಕೆರೆ ಏರಿಯ ಮೇಲೆ ನಿಂತರೆ ತೋಪಿನಲ್ಲಿ ನಿಂತವರನ್ನು ಎಣಿಸಬಹುದಾಗಿತ್ತು. ಗಂಡಸರು ಸಾಯಂಕಾಲ ಬೆಂಚಿನ ಮೇಲೆ ಬೀಡಿ ಸೇದುತ್ತಾ, ಊರಿಗೆ ಕಳೆ ಬಂತು ಅನ್ನುತ್ತಿದ್ದರು. ಗೌಜಲಕ್ಕಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಮುಂಗುಸಿ ಬಯಲು ದಾಟುವಾಗ ಬೀದಿನಾಯಿಗಳಿಗೆ ಸಿಕ್ಕಿತು, ಅದನ್ನು ನಾನೇ ನೋಡಿದೆ. ಅದಕ್ಕೂ ನಮಗೂ ಬೇಕಾಗಿದ್ದುದು ನೆರಳಲ್ಲ, ಮರೆ.

ಗೆಳತಿ ಆಗ ಐದು ತಿಂಗಳ ಬಸುರಿ. ಬಾವಿಯ ಹತ್ತಿರ ಸಿಕ್ಕವಳು, "ಮರ ಇರ್ಲಿ ಅಂದ್ಯಲ್ಲಮ್ಮಿ, ಈಗೇನು ಮರ ಅತ್ತಿ ಕುಂತ್ಕೋಬೇಕಾ?" ಅಂದಳು. ನೀರು ಸೇದುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

ಆಮೇಲೆ ನಮ್ಮ ದಾರಿ ಪಿರಿಯಾಪಟ್ಟಣದ ರಸ್ತೆ ದಾಟಿ ಗದ್ದೆ ಬದುವಿಗೆ ತಿರುಗಿತು. ಬೆಳಕು ಹರಿಯುವ ಮೊದಲು ಒಂದು ಸಲ, ಕತ್ತಲಾದ ಮೇಲೆ ಒಂದು ಸಲ. ಲಾರಿಗಳ ದೀಪ ಬಿದ್ದಾಗಲೆಲ್ಲ ಎದ್ದು ನಿಲ್ಲಬೇಕು. ಬೇಕೆಂದೇ ನಿಧಾನ ಮಾಡುವ ಡ್ರೈವರುಗಳಿದ್ದರು. ಹಗಲು ಹೊತ್ತು ತಡೆದುಕೊಳ್ಳಬೇಕೆಂದು ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಗೆಳತಿಗೆ ಉರಿಮೂತ್ರ ಹತ್ತಿತು, ಜ್ವರ ಬಂತು, ಮುಖ ಊದಿಕೊಂಡಿತು.

ಅವಳನ್ನು ನೋಡಿ ಬಂದ ದಿನ ಮಾವನಿಗೆ ಮುದ್ದೆ ಬಡಿಸುತ್ತಾ ಹೇಳಿಯೇಬಿಟ್ಟೆ. "ಮಾವಾ, ಪೊದೆ ಓದ್‌ ಮ್ಯಾಲೆ ನಾವು ಎಲ್ಲಿಗೆ ಓಯ್ತಿದೀವಿ ಗೊತ್ತಾ ನಿಮಗೆ? ರಸ್ತೆ ದಾಟಿ ಓಯ್ತೀವಿ. ಅತ್ತೆನೂ ಓಯ್ತಾರೆ. ಲಾರಿಯೋರು ಲೈಟ್ ಬುಟ್ಟು ನೋಡ್ತಾರೆ."

ಅವರ ಕೈ ತಟ್ಟೆಯಲ್ಲೇ ನಿಂತಿತು. ನಾನು ನಿಲ್ಲಿಸಲಿಲ್ಲ. ಸಭೆಯಲ್ಲಿ ನೀವು ಒಂದು ಮಾತು ಆಡಿ, ಯಾರೂ ಏನೂ ನೆಡಬೇಕಾಗಿಲ್ಲ, ಕಾಲುವೆಯ ಒಂದು ದಡವನ್ನು ಕಡಿಯದೆ ಬಿಟ್ಟರೆ ಸಾಕು, ಒಂದು ಮಳೆಗೆ ತಾನೇ ಚಿಗುರುತ್ತದೆ ಅಂದೆ. ಮಾವ ಕೈ ತೊಳೆದು ಎದ್ದರು. ಅತ್ತೆ ಒಳಗೆ ಕರೆದು ನನ್ನ ತೋಳು ಕಪ್ಪಾಗುವಂತೆ ಚಿವುಟಿದರು. ಚಿವುಟಲಿ, ಮಾವನಿಗೆ ನಾಟಿದೆ ಎಂದುಕೊಂಡೆ.

ನಾಟಿತ್ತು. ಹತ್ತು ದಿನಕ್ಕೆ ನಮ್ಮ ಹಿತ್ತಿಲಿಗೆ ಆಳುಗಳು ಬಂದು ಗುಂಡಿ ತೋಡಿದರು. ಮೇಲೆ ಚಪ್ಪಡಿ, ಸುತ್ತ ಇಟ್ಟಿಗೆ ಗೋಡೆ, ತಗಡಿನ ಮಾಡು, ಚಿಲಕವಿರುವ ಬಾಗಿಲು. ಆ ಕೇರಿಗೆ ಅದೇ ಮೊದಲನೆಯದು. ಸಭೆಯಲ್ಲಿ ಮಾವ ತುಟಿ ಬಿಚ್ಚಲಿಲ್ಲ. ಅವರ ಮನೆಯ ಹೆಂಗಸರ ಮಾನ ಉಳಿದಿತ್ತು, ಇನ್ನು ಯಾರದು ಏನಾದರೇನು. ಕಾಲುವೆ ದಡದಲ್ಲಿ ಚಿಗುರು ಬಂದಾಗಲೆಲ್ಲ ಸಭೆಯವರು ಕೆರೆದು ಹಾಕಿಸಿದರು.

ಒಂದು ಮಧ್ಯಾಹ್ನ ಗೆಳತಿ ಚೆಂಬು ಹಿಡಿದು ನಮ್ಮ ಹಿತ್ತಿಲಿಗೆ ಬಂದಳು. ಆಗ ಅವಳಿಗೆ ಏಳು ತಿಂಗಳು ತುಂಬಿತ್ತು, ನಿಲ್ಲಲಾರದೆ ಗೋಡೆ ಹಿಡಿದುಕೊಂಡಿದ್ದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಒಬ್ಳಿಗೆ ಬುಟ್ರೆ ನಾಳೀಕೆ ನಾಕು ಕೇರಿನೂ ಬತ್ತದೆ ಕಣವ್ವ. ಗುಂಡಿ ತುಂಬ್ತದೆ" ಅಂದರು.

ಅತ್ತೆಯ ಬೆನ್ನ ಹಿಂದೆ ನಾನಿದ್ದೆ. ಮಾವನಿಗೆ ಎದುರು ಮಾತಾಡಿದವಳು ಅಲ್ಲಿ ಒಂದು ಮಾತೂ ಆಡಲಿಲ್ಲ. ಹೆದರಿಕೆಯಾಗಿ ಅಲ್ಲ. ನಿಜವಾಗಿ ತುಂಬಿಬಿಟ್ಟರೆ ನಾನು ಮತ್ತೆ ರಸ್ತೆ ದಾಟಬೇಕಲ್ಲ ಎಂದು ಯೋಚಿಸುತ್ತಿದ್ದೆ.

ಅವಳು ಅತ್ತೆಯನ್ನು ದಾಟಿ ನನ್ನ ಮುಖವನ್ನೇ ನೋಡಿದಳು. "ನಿಂಗಾಯ್ತಲ್ಲ, ಬುಡು" ಅಂದು ತಿರುಗಿ ರಸ್ತೆ ಕಡೆಗೆ ಹೊರಟಳು, ಆ ಹಗಲಿನಲ್ಲಿ.

ಅವಳು ಹೆತ್ತ ಸುದ್ದಿಯೂ ನನಗೆ ಬೇರೆಯವರ ಬಾಯಿಂದ ಬಂತು. ಅವಳು ಮತ್ತೆ ನನ್ನನ್ನು ಮಾತಾಡಿಸಲಿಲ್ಲ, ಮಾತಾಡಿಸು ಎಂದು ಕೇಳುವ ಮುಖ ನನಗಿರಲಿಲ್ಲ. ಅವಳು ಹಿತ್ತಿಲಿನಿಂದ ತಿರುಗಿ ಹೋದ ಆ ದಿನ ಸಂಜೆ ನಾನು ತಗಡಿನ ಮಾಡಿನ ಕೆಳಗೆ ಹೋಗಿ ಚಿಲಕ ಹಾಕಿಕೊಂಡೆ.